ಕಂಪ್ಯೂಟರಿಗೆ ಹೊಲಿದ ಕೌದಿ

ಅಂಗೈಯಗಲದ ಒಂದು ಫ್ಯಾನು ನಮ್ಮೂರಿನ ಇತಿಹಾಸದಲ್ಲಿ ಪಡೆದಿರುವ ಸ್ಥಾನದ ಬಗ್ಗೆ ಇನ್ನು ಮುಂದೆ ಯಾರೂ ಹಗುರಾಗಿ ಮಾತಾಡಬಾರದು ಎಂಬ ಒಂದೇ ಉದ್ದೇಶದಿಂದ ಈ ವೃತ್ತಾಂತವನ್ನು ಬರೆದಿಡುತ್ತಿದ್ದೇನೆ. ಎರಡು ಚುನಾವಣೆ, ಒಂದು ಪ್ಲೇಗು, ಗುಡ್ಡದ ಮೇಲೆ ಬಿದ್ದ ಉಲ್ಕೆ, ಇವು ಯಾವುದಕ್ಕೂ ಸಭೆ ಸೇರದ ಊರು ಈ ಫ್ಯಾನಿಗಾಗಿ ಮೂರು ಸಲ ಸೇರಿತು. ಮೂರೂ ಸಭೆಗಳ ಠರಾವು ಬರೆದವನು ನಾನು. ವಾಚನಾಲಯದ ಉಸ್ತುವಾರಿ ನನ್ನದು. ಊರಿನಲ್ಲಿ ದುಂಡಗಿನ ಅಕ್ಷರದವರು ಇಬ್ಬರೇ ಇದ್ದೇವೆ, ಇನ್ನೊಬ್ಬರಿಗೆ ಕೈ ನಡುಗುತ್ತದೆ. ಹೀಗಾಗಿ ಊರಿನ ವಿವೇಕವೆಲ್ಲ ನನ್ನ ಕೈಬರಹದಲ್ಲೇ ಇದೆ. ಅವಿವೇಕವೂ ಅಲ್ಲಿಯೇ ಇದೆ.

ನಮ್ಮೂರ ಕೆರೆ ಮಧ್ಯಾಹ್ನ ಹನ್ನೆರಡಕ್ಕೆ ಮಲಗಿ ನಾಲ್ಕಕ್ಕೆ ಏಳುತ್ತದೆ. ಆ ನಡುವೆ ಎಲ್ಲಾದರೂ ಸಪ್ಪಳವಾಗಿ ಅದರ ನಿದ್ದೆ ಕೆಟ್ಟರೆ, ದಂಡೆ ದಾಟಿ, ಓಣಿ ಹಿಡಿದು, ಸಪ್ಪಳ ಹೊರಟ ಮನೆಗೇ ನೇರವಾಗಿ ಬರುತ್ತದೆ. ಸಿಟ್ಟಿನಿಂದ ಬರುವುದಿಲ್ಲ. ನಿದ್ದೆಗಣ್ಣಿನ ಹಿರಿಯರು ಪಡಸಾಲೆಗೆ ಬಂದು 'ಏನದು' ಎಂದು ನಿಲ್ಲುವ ಹಾಗೆ, ಪಾದ ಮುಳುಗುವಷ್ಟು ಎತ್ತರಕ್ಕೆ ಮನೆ ತುಂಬ ನಿಲ್ಲುತ್ತದೆ. ಚಪ್ಪಲಿಗಳನ್ನು ಅತ್ತಿತ್ತ ಸರಿಸಿ ನೋಡುತ್ತದೆ, ಮಂಚದ ಕೆಳಗೆ ಇಣುಕುತ್ತದೆ, ನಾಲ್ಕು ಹೊಡೆದ ಮೇಲೆ ಬಂದ ದಾರಿಯಲ್ಲೇ ತಿರುಗಿ ಹೋಗುತ್ತದೆ. ಒಲೆಯ ಬುಡದಲ್ಲಿ ಒಂದೆರಡು ಮೀನು ಉಳಿದುಕೊಂಡರೆ ಅವನ್ನು ತಂಬಿಗೆಯಲ್ಲಿ ಹಾಕಿಕೊಂಡು ಹೋಗಿ ಬಿಟ್ಟುಬರಬೇಕು. ಬಂದವರು ಮರೆತುಹೋದ ಸಾಮಾನನ್ನು ಹುರಿದು ತಿನ್ನುವುದು ನಮ್ಮಲ್ಲಿ ಸಭ್ಯತೆಯಲ್ಲ. ಹಾನಿ ಅಂಥದ್ದೇನೂ ಇಲ್ಲ. ನಾಚಿಕೆ ಮಾತ್ರ ವಿಪರೀತ. 'ನಿನ್ನೆ ಅವರ ಮನೆಗೆ ಕೆರಿ ಹೋಗಿತ್ತಂತ' ಎಂಬ ಒಂದು ಮಾತಿಗೆ ಕೂಡಿಬಂದ ಸಂಬಂಧಗಳು ತಪ್ಪಿಹೋಗಿವೆ.

ಆದ್ದರಿಂದ ಊರು ತನ್ನ ಸಪ್ಪಳಗಳನ್ನೆಲ್ಲ ಮುಂಜಾನೆಯೇ ಮುಗಿಸಿಕೊಳ್ಳುತ್ತದೆ. ಮದುವೆಯ ಓಲಗ, ಬಡಗಿಯ ಸುತ್ತಿಗೆ, ಖಾರ ಕುಟ್ಟುವುದು, ಅತ್ತೆ ಸೊಸೆಯರ ಜಗಳ ಎಲ್ಲವೂ ಹನ್ನೆರಡರೊಳಗೆ. ಹನ್ನೆರಡೂವರೆಯ ಬಸ್ಸು ಗುಡ್ಡದ ನೆತ್ತಿಯಲ್ಲಿ ಎಂಜಿನ್ ಬಂದ್ ಮಾಡಿ ಇಳಿಜಾರಿನ ಮೇಲೆಯೇ ಊರೊಳಗೆ ಉರುಳಿ ಬರುತ್ತದೆ, ಮೂರೂವರೆಗೆ ಆಚೆಯ ಇಳಿಜಾರಿನಲ್ಲಿ ಹಾಗೆಯೇ ಉರುಳಿ ಹೋಗುತ್ತದೆ. ತಗ್ಗಿದ ದನಿಯ ಮಾತಿಗೆ ಅಡ್ಡಿಯಿಲ್ಲ. ಒಂದು ಸೀನು, ಒಂದು ಪಾತ್ರೆ ಬಿದ್ದ ಸದ್ದು ಇಂಥವಕ್ಕೂ ಕೆರೆ ಬರಿಯ ಮಗ್ಗುಲು ಬದಲಿಸುತ್ತದೆ. ಎಡೆಬಿಡದೆ ಗುಂಯ್ ಎನ್ನುವುದನ್ನು ಮಾತ್ರ ಅದು ತಾಳದು. ದಂಡೆಯ ಮೇಲೆ ನೀರಗಂಟಿ ಗದಿಗೆಪ್ಪ ಕೂತಿರುತ್ತಾನೆ. ನೀರು ಹೊರಟಿತೆಂದರೆ ಬಿಳಿ ವಸ್ತ್ರ ಎತ್ತಿ ಹಿಡಿಯುವುದು ಅವನ ಕೆಲಸ. ಅದನ್ನು ನೋಡಿದವರು ನೆಲದ ಮೇಲಿನದೆಲ್ಲವನ್ನೂ ಮೊಣಕಾಲೆತ್ತರಕ್ಕೆ ಏರಿಸಿ, ಕಾಲು ಮೇಲೆತ್ತಿ ಕುಳಿತುಕೊಳ್ಳುತ್ತಾರೆ.

ಒಂದು ಮನೆಗೆ ವರ್ಷಕ್ಕೆ ಮೂರು ಸಲ ಕೆರೆ ಬಂದರೆ ಸಹಿಸಿಕೊಳ್ಳುವುದು ರೂಢಿ. ನಾಲ್ಕನೆಯ ಸಲ ಬಂದರೆ ಸಪ್ಪಳ ಮಾಡಿದ್ದು ಊರು ಬಿಟ್ಟು ಗುಡ್ಡದಾಚೆ ಹೋಗಬೇಕು. ಹಿಟ್ಟಿನ ಗಿರಣಿ ಹಾಗೆ ಹೋಯಿತು. ಶಹನಾಯಿಯ ಅಭ್ಯಾಸ ಬಿಡಲಾರದ ಒಬ್ಬ ಮೇಷ್ಟ್ರು ಹೋದರು. ಒಂದು ಹುಂಜವೂ ಹೋಗಿದೆ. ಅದರ ಯಜಮಾನಿ ಪ್ರತಿ ಭಾನುವಾರ ಬುತ್ತಿ ಕಟ್ಟಿಕೊಂಡು ನೋಡಿಬರುತ್ತಾಳೆ.

ಇಂಥ ಊರಿನ ಉತಾರದ ಕಚೇರಿಗೆ, ಅಂದರೆ ಹೊಲಮನೆಗಳ ದಾಖಲೆಯ ನಕಲು ಕೊಡುವ ಕಚೇರಿಗೆ, ಗುಡ್ಡದಾಚೆಯ ದೊಡ್ಡ ಕಚೇರಿಯವರು ಒಂದು ಕಂಪ್ಯೂಟರನ್ನು ಕಳಿಸಿದರು. ಅದರ ಜೊತೆ ಒಂದು ಹುದ್ದೆಯನ್ನೂ ಕಳಿಸಿದರು. ಮೂರು ತಿಂಗಳು ಹಂಗಾಮಿ, ಕೊನೆಗೆ ತಪಾಸಣೆ, ಯಂತ್ರ ಊರಿಗೆ ಹೊಂದಿಕೊಂಡರೆ ಹುದ್ದೆ ಖಾಯಂ, ಯಂತ್ರ ವಾಪಸಾದರೆ ಹುದ್ದೆಯೂ ವಾಪಸು ಎಂದು ಆದೇಶದಲ್ಲಿತ್ತು. ಆ ಹುದ್ದೆ ನೀಲಗಂಗಾಳಿಗೆ ಸಿಕ್ಕಿತು.

ನೀಲಗಂಗಾಳಿಗೆ ಆಗ ಮೂವತ್ತನಾಲ್ಕು. ಹನ್ನೆರಡು ವರ್ಷ ಅಣ್ಣನ ಮನೆಯಲ್ಲಿದ್ದಳು. ಅಣ್ಣ ಒಳ್ಳೆಯವನು, ಅತ್ತಿಗೆಯೂ ಒಳ್ಳೆಯವಳು. ಇಬ್ಬರು ಒಳ್ಳೆಯವರ ಮನೆಯಲ್ಲಿ ಮೂರನೆಯವರಾಗಿ ಇರುವುದು ಎಷ್ಟು ಕಷ್ಟ ಎಂಬುದು ಇದ್ದವರಿಗೇ ಗೊತ್ತು. ದೂರಲಿಕ್ಕೂ ಏನೂ ಸಿಗುವುದಿಲ್ಲ. ನೌಕರಿಯ ಮೊದಲ ವಾರವೇ ಅವಳು ಬಾಡಿಗೆ ಕೋಣೆ ಹುಡುಕಿದಳು. ಒಂಟಿ ಹೆಂಗಸಿಗೆ ಕೊಡುವುದಿಲ್ಲ ಎಂದು ಇಬ್ಬರು ಬಾಗಿಲು ಹಾಕಿದ ಮೇಲೆ, ಕೌದಿ ಹೊಲಿಯುವ ಬಸಲಿಂಗವ್ವ ತನ್ನ ಮಾಳಿಗೆಯ ಕೋಣೆಯ ಕೀಲಿಯನ್ನು ಅವಳ ಅಂಗೈಯಲ್ಲಿಟ್ಟು, ಒಂಟಿ ಇದ್ದರೆ ಕಸ ಕಡಿಮೆ ಬೀಳುತ್ತದೆ ಎಂದಷ್ಟೇ ಹೇಳಿದಳು. ಅದು ನೀಲಗಂಗಾಳ ಜೀವನದಲ್ಲಿ ಅವಳದೇ ಆದ ಮೊದಲನೆಯ ಕೀಲಿ. ಕಚೇರಿಯಲ್ಲಿ ಕೆಲಸ ಮಾಡುವಾಗ ಅದನ್ನು ಮೇಜಿನ ಮೇಲೆ ತನ್ನ ಎದುರಿಗೇ ಇಟ್ಟುಕೊಳ್ಳುತ್ತಿದ್ದಳು. ವಾಚನಾಲಯದ ಕಿಟಕಿ ಕಚೇರಿಯ ಕಿಟಕಿಗೆ ಎದುರುಬದುರು ಇರುವುದರಿಂದ ಇದನ್ನೆಲ್ಲ ನಾನು ನೋಡಬೇಕಾಯಿತು.

ಕಂಪ್ಯೂಟರನ್ನು ಪೂಜೆ ಮಾಡಿ ಚಾಲೂ ಮಾಡಿದ ದಿನ ಒಂದು ಗಂಟೆಗೆ ಕೆರೆ ಬಂತು. ಡಬ್ಬಿಯೊಳಗಿನ ಫ್ಯಾನು ಗುಂಗಾಡು ಸೊಳ್ಳೆಗಳ ದಂಡು ಹೊಕ್ಕ ಹಾಗೆ ಕೂಗುತ್ತಿತ್ತು. ಹಿರೇ ಕಾರಕೂನರಾದ ಮಹಾಂತಯ್ಯನವರು ಇಪ್ಪತ್ತೆಂಟು ವರ್ಷದ ಸೇವೆಯಲ್ಲಿ ಟಾಕಿನ ಪೆನ್ನನ್ನು ಕಾಗದದ ಮೇಲೆ ಸಪ್ಪಳವಾಗದಂತೆ ಓಡಿಸಿದವರು. ಅವರ ಕಚೇರಿಗೆ ಕೆರೆ ಅದುವರೆಗೆ ಕಾಲಿಟ್ಟಿರಲಿಲ್ಲ. ಅವರು ಕುರ್ಚಿಯ ಮೇಲೆ ಕಾಲು ಮಡಿಸಿ ಕುಳಿತು, ತಮ್ಮ ಚಪ್ಪಲಿ ತೇಲುತ್ತ ಬಾಗಿಲ ಕಡೆ ಹೋಗುವುದನ್ನು ನೋಡುತ್ತಿದ್ದರು. ನೀಲಗಂಗಾ ಒಬ್ಬ ರೈತನ ಉತಾರವನ್ನು ಪೂರ್ತಿ ಮಾಡಿ, ಕೈಚಾಚಿ ಕೊಟ್ಟು, ನೀರಲ್ಲಿ ಬೀಳಿಸಬೇಡಿ ಎಂದು ಪಿಸುಗುಟ್ಟಿದಳು. ಸಂಜೆಗೆ ಅತ್ತಿಗೆಯ ಕಡೆಯಿಂದ ಯಾವಾಗ ಬೇಕಾದರೂ ತಿರುಗಿ ಬರಬಹುದು, ರೊಟ್ಟಿ ಬಡಿಯುವ ಮಣೆ ಇದ್ದಲ್ಲಿಯೇ ಇದೆ ಎಂದು ಸುದ್ದಿ ಬಂತು.

ಮಧ್ಯಾಹ್ನದ ಹೊತ್ತು ಯಂತ್ರ ಬಂದ್ ಇಟ್ಟರಾಯಿತಲ್ಲ ಎನ್ನಬಹುದು. ಸುತ್ತಲಿನ ಹಳ್ಳಿಗಳ ಜನ ಬರುವುದು ಹನ್ನೆರಡೂವರೆಯ ಬಸ್ಸಿಗೆ, ಹೋಗುವುದು ಮೂರೂವರೆಯ ಬಸ್ಸಿಗೆ. ಆ ಮೂರು ತಾಸು ಬಿಟ್ಟರೆ ಕಚೇರಿಗೆ ಕೆಲಸವೇ ಇಲ್ಲ. ಹಾಗಾಗಿ ಮೊದಲನೆಯ ಸಭೆ ಸೇರಿ, ಯಂತ್ರವನ್ನು ಒಳಕೋಣೆಗೆ ಸಾಗಿಸತಕ್ಕದ್ದು ಎಂದು ಠರಾವು ಮಾಡಿತು. ಒಳಕೋಣೆಯ ಗೋಡೆಗಳು ಆ ಗುಂಯ್ ಸದ್ದನ್ನು ಒಂದಕ್ಕೆರಡು ಮಾಡಿ ಹೊರಗೆ ದಾಟಿಸಿದವು. ಮೂರನೆಯ ದಿನ ಕೆರೆ ಮತ್ತೆ ಬಂತು, ಈ ಸಲ ಹಿತ್ತಲ ಬಾಗಿಲಿನಿಂದ. ಎರಡಾಯಿತು.

ಎರಡನೆಯ ಸಭೆಯಲ್ಲಿ ಬಸಲಿಂಗವ್ವ ಎದ್ದು ನಿಂತಳು. ಅವಳು ಸಭೆಗೆ ಬಂದದ್ದೇ ಒಂದು ವಿಶೇಷ, ಮಾತಾಡಿದ್ದು ಇನ್ನೊಂದು. ನಮ್ಮೂರಿನಲ್ಲಿ ಯಾವುದಾದರೂ ವಸ್ತು ಸದ್ದು ಮಾಡಿದರೆ ಅದಕ್ಕೆ ಕೌದಿ ಹೊಚ್ಚುವುದು ಅಜ್ಜಮುತ್ತಜ್ಜರ ಕಾಲದಿಂದ ಬಂದದ್ದು. ಹಳೆಯ ಸೀರೆ ಧೋತರಗಳನ್ನು ಪದರದ ಮೇಲೆ ಪದರ ಹಾಕಿ ಒತ್ತೊತ್ತಾಗಿ ಹೊಲಿದ ಆ ಹೊದಿಕೆ ಮನೆಮನೆಯಲ್ಲಿದೆ. ಗೋಡೆ ಗಡಿಯಾರಕ್ಕೆ ಒಂದು, ಬೀಸುವ ಕಲ್ಲಿಗೆ ಒಂದು, ಗೊರಕೆ ಹೊಡೆಯುವ ಗಂಡನಿಗೆ ಒಂದು ಎಂದು ಬೇರೆ ಬೇರೆ ಅಳತೆಯಲ್ಲಿ ಬಸಲಿಂಗವ್ವ ಹೊಲಿದುಕೊಡುತ್ತಾಳೆ. ಅವಳ ಕೌದಿ ಹೊದ್ದ ಮೇಲೆ ಬಾಯಿ ಬಿಟ್ಟ ವಸ್ತು ಇನ್ನೂ ಇಲ್ಲ ಎಂಬುದು ಊರಿನ ಹೆಮ್ಮೆ. ಕಂಪ್ಯೂಟರಿಗೆ ಅವಳು ಒಂಬತ್ತು ಪದರದ್ದನ್ನು ಹೊಲಿದಳು. ನಡುವಿನ ಚೌಕಕ್ಕೆ, ನಲವತ್ತು ವರ್ಷ ಪೆಟ್ಟಿಗೆಯ ತಳದಲ್ಲಿಟ್ಟಿದ್ದ ತನ್ನ ಧಾರೆಯ ಹಸಿರು ಸೀರೆಗೆ ಕತ್ತರಿ ಹಾಕಿದಳು. ಯಾಕವ್ವ ಅದನ್ನು ಕತ್ತರಿಸಿದೆ ಎಂದು ಕೇಳಿದವರಿಗೆ, ಮನೆಯಲ್ಲಿರುವ ಹುಡುಗಿಯ ನೌಕರಿಯಲ್ಲವೇ ಎಂದಳಂತೆ.

ಯಂತ್ರವನ್ನು ಮತ್ತೆ ಹೊರಗಿನ ಕೋಣೆಗೆ ತಂದು ಕೌದಿ ಹೊಚ್ಚಿದರು. ಗುಂಯ್ ಸದ್ದು ಮೂಲೆಯಲ್ಲಿ ಕೂತ ಬೆಕ್ಕಿನ ಗುರುಗುರುವಿನಷ್ಟಾಯಿತು, ಕೆರೆ ಮಲಗಿಯೇ ಇತ್ತು, ಮಹಾಂತಯ್ಯನವರು ಕಾಲು ಕೆಳಗಿಟ್ಟರು. ಕಾಲುಗಂಟೆಯಾಗುತ್ತಲೇ ಪರದೆ ಕಪ್ಪಾಯಿತು. ಕೌದಿ ತೆಗೆದು, ಅರ್ಧ ತಾಸು ಬಿಟ್ಟು ಹಚ್ಚಿದರೆ ಮತ್ತೆ ಕಾಲುಗಂಟೆ, ಮತ್ತೆ ಕಪ್ಪು. ದೂರದ ಹಳ್ಳಿಯಿಂದ ಬಂದ ಹಿರಿಯರೊಬ್ಬರಿಗೆ ನಾಲ್ಕು ದಿನಗಳಲ್ಲಿ ನಾಲ್ಕು ತುಂಡು ಉತಾರ ಸಿಕ್ಕಿತು; ಅವರು ಅವನ್ನು ಅಂಟಿಸಿಕೊಂಡು ಒಂದು ಮಾಡಿಕೊಂಡರು. ಯಂತ್ರ ಸದ್ದು ಮಾಡುತ್ತಿರಲಿಲ್ಲ, ಕೆಲಸವನ್ನೂ ಮಾಡುತ್ತಿರಲಿಲ್ಲ. ಇಂಥದ್ದಕ್ಕೆ ಸರ್ಕಾರದಲ್ಲಿ ಜಾಗವಿದೆಯಾದರೂ ನೀಲಗಂಗಾಳಿಗೆ ಸಮಾಧಾನವಾಗಲಿಲ್ಲ. ಒಂದು ಮುಂಜಾನೆ ಅವಳು ಡಬ್ಬಿಯನ್ನು ಬಿಚ್ಚಿಕೊಂಡು, ಸೊಂಟದ ಮೇಲೆ ಕೊಡ ಇಟ್ಟ ಹಾಗೆ ಇಟ್ಟುಕೊಂಡು, ರೇಡಿಯೊ ರಿಪೇರಿಯ ಇಮಾಮಸಾಬರ ಅಂಗಡಿಗೆ ಹೋದಳು. ಕೌದಿ ಒಗೆಯಲಿಕ್ಕೆಂದು ಬಸಲಿಂಗವ್ವನ ಮನೆಗೆ ಹೋಯಿತು.

ಇಮಾಮಸಾಬರು ಡಬ್ಬಿಯ ಬಾಗಿಲು ತೆಗೆದರು. ಒಳಗೆ ತಗಡಿನ ಬಾಚಣಿಗೆಯಂಥದ್ದೊಂದರ ಮೇಲೆ ಫ್ಯಾನು ಕೂತಿತ್ತು. ಅದರ ರೆಕ್ಕೆಗಳಿಗೂ ಬಾಚಣಿಗೆಯ ಹಲ್ಲುಗಳಿಗೂ ಧೂಳು ಹತ್ತಿಯಂತೆ ಮೆತ್ತಿಕೊಂಡಿತ್ತು. ಅವರು ಬ್ರಶ್ಶಿನಿಂದ ಧೂಳು ತೆಗೆದು, ಫ್ಯಾನನ್ನು ಬಿಚ್ಚಿ, ನಾಡಿ ನೋಡುವವರ ಹಾಗೆ ಹಿಡಿದುಕೊಂಡರು. "ಇದಕ್ಕ ಎರಡ ಮಾತು ಗೊತ್ತು ತಂಗಿ. ಒಂದು ಜೋರು, ಇನ್ನೊಂದು ಬಂದ್. ಕೆಲಸ ಇರಲಿ ಬಿಡಲಿ, ಬಿಸಿ ಇರಲಿ ಬಿಡಲಿ, ಹರಕೊಂಡ ತಿರಗೂದು. ಇಂಥಾ ಹಿರೇರು ನಿಮ್ಮ ಕಚೇರ್ಯಾಗೂ ಇರಬೇಕಲ್ಲ." ಇರುವುದಾಗಿ ನೀಲಗಂಗಾ ಒಪ್ಪಿಕೊಂಡಳು.

ಅವರು ಟ್ರಂಕು ತಡಕಾಡಿ ಇನ್ನೊಂದು ಫ್ಯಾನು ತೆಗೆದರು. ಹಳೆಯದಕ್ಕಿಂತ ಬೆರಳಷ್ಟು ಅಗಲವಾಗಿತ್ತು. ಅದರ ಮೈಯಿಂದ ಒಂದು ಎಳೆ ತಂತಿ, ತಂತಿಯ ತುದಿಯಲ್ಲಿ ಮೆಣಸಿನಕಾಳಿನಷ್ಟು ಮಣಿ. ಮಣಿಯನ್ನು ಬಾಚಣಿಗೆಯ ಹಲ್ಲಿನ ಸಂದಿಗೆ ಅಂಟಿಸುತ್ತ ಹೇಳಿದರು: "ಕೂಸಿನ ಹಣಿ ಮುಟ್ಟಿ ಬಿಸಿ ನೋಡ್ತೀವಲ್ಲ, ಹಂಗ ಈ ಮಣಿ ಮುಟ್ಟಿ ನೋಡ್ತೈತಿ. ಬಿಸಿ ಏರಿದ್ರ ಫ್ಯಾನು ಓಡ್ತೈತಿ, ಇಳದ್ರ ನಡೀತೈತಿ. ದಿನದಾಗ ಓಡೂ ಹೊತ್ತು ಎಷ್ಟ ಇರತೈತಿ ಹೇಳು? ಅಗಲ ಜಾಸ್ತಿ ಐತಿ, ಮೆಲ್ಲಕ ತಿರಗಿದ್ರೂ ಬೇಕಾದಷ್ಟು ಗಾಳಿ ಕೊಡ್ತೈತಿ. ಮತ್ತ ಒಂದ ತಿಳಕೊ. ವೇಗ ಅರ್ಧ ಆದ್ರ ಸಪ್ಪಳ ಅರ್ಧ ಆಗೂದಿಲ್ಲ. ಎಲ್ಲಿ ಹೋತು ಅಂತ ಕಿವಿ ಹಚ್ಚಿ ಹುಡುಕಬೇಕಾಗ್ತೈತಿ." ಅವರು ಎಲ್ಲವನ್ನೂ ಹೇಳಿದರು. ಕೌದಿ ಹೊಚ್ಚಬಾರದು ಎಂದು ಮಾತ್ರ ಹೇಳಲಿಲ್ಲ. ಅವರು ಕಲಿತದ್ದು ಹೊರಗಿನ ಊರಿನಲ್ಲಿ. ಕಂಪ್ಯೂಟರಿಗೆ ಯಾರಾದರೂ ಕೌದಿ ಹೊಚ್ಚುತ್ತಾರೆಂಬ ಕಲ್ಪನೆ ಅವರಿಗೆ ಬರುವುದು ಸಾಧ್ಯವಿರಲಿಲ್ಲ.

ಆ ಫ್ಯಾನು ಬಂದ ಮೇಲೆ ಹನ್ನೊಂದು ದಿನ ಕಚೇರಿಯಲ್ಲಿ ನಿಶ್ಶಬ್ದ. ಉತಾರದ ಮೇಲೆ ಉತಾರ ಬಂತು. ನಾನು ನನ್ನ ಕಿಟಕಿಯಲ್ಲಿ ಕಿವಿಯಿಟ್ಟರೆ ಮಹಾಂತಯ್ಯನವರ ಹೊಟ್ಟೆಯ ಸಪ್ಪಳ ಕೇಳುತ್ತಿತ್ತೇ ಹೊರತು ಯಂತ್ರದ್ದಲ್ಲ. ನಡುನಡುವೆ ಒಮ್ಮೊಮ್ಮೆ, ದೊಡ್ಡ ದಾಖಲೆ ತೆರೆದಾಗ, ಒಳಗೆ ಯಾರೋ ನಿಟ್ಟುಸಿರಿಟ್ಟ ಹಾಗೆ ಫ್ಯಾನು ಏರಿ, ಹಾಗೆಯೇ ಇಳಿಯುತ್ತಿತ್ತು. ಕೆರೆ ಮಗ್ಗುಲು ಸಹ ಬದಲಿಸಲಿಲ್ಲವೆಂದು ಗದಿಗೆಪ್ಪ ಸಾಕ್ಷಿ ನುಡಿದ.

ಹನ್ನೆರಡನೆಯ ದಿನ ಬಸಲಿಂಗವ್ವ ಒಗೆದು ಒಣಗಿಸಿದ ಕೌದಿಯನ್ನು ತಂದಳು. ಹನ್ನೊಂದು ದಿನ ಯಂತ್ರ ಬರಿಮೈಯಲ್ಲಿ ಇದ್ದದ್ದು ಕಂಡು ಅಯ್ಯೋ ಪಾಪ ಎಂದಳು. ತಾನೇ ಕೈಯಾರೆ, ಹಿಂದೆ ಮುಂದೆ ಎಲ್ಲಿಯೂ ಗಾಳಿ ಆಡದಂತೆ, ಬಾಣಂತಿಗೆ ಹೊಚ್ಚಿದ ಹಾಗೆ ಹೊಚ್ಚಿ ಹೋದಳು. ಮಣಿ ಬಿಸಿಯನ್ನು ಮುಟ್ಟಿ ನೋಡಿತು. ಫ್ಯಾನು ಓಡಿತು. ಓಡಿದಷ್ಟೂ ಅದೇ ಬಿಸಿಗಾಳಿ ಕೌದಿಯೊಳಗೆ ಸುತ್ತಿ ಸುತ್ತಿ ಬಂತು. ಮಣಿ ಇನ್ನಷ್ಟು ಬಿಸಿಯಾಯಿತು. ಫ್ಯಾನು ಇನ್ನಷ್ಟು ಓಡಿತು. ಒಂದೂಕಾಲಿಗೆ ಒಂಬತ್ತು ಪದರವನ್ನೂ ದಾಟಿ ಹೊರಟ ಆರ್ಭಟಕ್ಕೆ ಕೆರೆ ಎದ್ದು ಬಂತು. ಮೂರಾಯಿತು.

ಕಾಲು ಮೇಲೆತ್ತಿ ಕುಳಿತಿದ್ದ ನೀಲಗಂಗಾ ಕೌದಿಯ ಕೆಳಗೆ ಕೈತೂರಿಸಿ ಚಟ್ಟನೆ ಹಿಂದೆಗೆದುಕೊಂಡಳು. ಹಂಚಿನಷ್ಟು ಬಿಸಿಯಿತ್ತು. ಅವಳಿಗೆ ಆ ಕ್ಷಣವೇ ಎಲ್ಲ ತಿಳಿಯಿತೆಂದು ನನ್ನ ಅಂದಾಜು, ಏಕೆಂದರೆ ಅವಳು ಮೊದಲು ನೋಡಿದ್ದು ಕೌದಿಯನ್ನು, ಆಮೇಲೆ ಮೇಜಿನ ಮೇಲಿನ ಕೀಲಿಯನ್ನು.

ಮೂರನೆಯ ಸಭೆಗೆ ಅಷ್ಟೇನೂ ತಿಳಿಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ತಪ್ಪೆಲ್ಲ ಇಮಾಮಸಾಬರ ಫ್ಯಾನಿನದು ಎಂದಾಯಿತು. ಒಂದು ಕೌದಿಗೆ ಬಗ್ಗದಿದ್ದರೆ ಎರಡು ಹೊಚ್ಚಿದರಾಯಿತು ಎಂದು ಯಾರೋ ಅಂದರು. ಎಲ್ಲರ ಮುಖ ಅರಳಿತು. 'ಕೌದಿ ಒಂದು ಸಾಲದೆಂದೂ, ಎರಡನೆಯದನ್ನು ಶೀಘ್ರವಾಗಿ ಹೊಲಿಸತಕ್ಕದ್ದೆಂದೂ ಸರ್ವಾನುಮತದಿಂದ ತೀರ್ಮಾನಿಸಲಾಯಿತು' ಎಂದು ನನ್ನ ಅಕ್ಷರದಲ್ಲಿಯೇ ಇದೆ. ಹಿಂದಿನ ಸಾಲಿನಲ್ಲಿ ನೀಲಗಂಗಾ ಏನೋ ಹೇಳಲು ಎದ್ದಳು. ಮುಂದಿನ ಸಾಲಿನಲ್ಲಿ ಬಸಲಿಂಗವ್ವ ಸೂಜಿಗೆ ದಾರ ಪೋಣಿಸುತ್ತಿದ್ದಳು. ನೀಲಗಂಗಾ ಕುಳಿತಳು.

ಹೇಳುವ ಪ್ರಯತ್ನವನ್ನೇ ಮಾಡಲಿಲ್ಲ ಎಂದಲ್ಲ. ಮರುದಿನ ಮುಂಜಾನೆ ಚಹಾ ಕುಡಿಯುತ್ತ, ಹೊದಿಕೆಯಿಂದ ಯಂತ್ರಕ್ಕೆ ತಾಪ ಆಗುತ್ತಿರಬಹುದೇನೋ ಎಂದು ಮೆಲ್ಲಗೆ ಎತ್ತಿದ್ದಳಂತೆ. ಬಸಲಿಂಗವ್ವ ಹೊಲಿಗೆಯಿಂದ ಕಣ್ಣೆತ್ತದೆ, "ಆಗಲೇಳು. ತಾಪಾದ್ರ ಬೆವರ್ತೈತಿ, ಬೆವತರ ಜ್ವರ ಇಳೀತೈತಿ. ಏಳ ಹಡದೀನಿ, ನನಗ ಹೇಳಬ್ಯಾಡ" ಎಂದಳು. ಏಳು ಹಡೆದವಳ ಮುಂದೆ ಟೈಪಿಂಗ್ ಪರೀಕ್ಷೆ ಪಾಸಾದವಳ ಮಾತು ಎಷ್ಟು ನಡೆದೀತು? ಅಲ್ಲದೆ ಎರಡನೆಯ ಕೌದಿಗೆ ಅವಳು ಹಸಿರು ಸೀರೆಯ ಉಳಿದ ಸೆರಗನ್ನೂ ಕತ್ತರಿಸಿಯಾಗಿತ್ತು.

ಎರಡನೆಯ ಕೌದಿ ಮುಗಿಯುವವರೆಗೆ ಯಂತ್ರ ಬಂದ್ ಇತ್ತು; ಅದು ಬಂದ ದಿನದಿಂದ ನೀಲಗಂಗಾ ಮಾತು ಬಿಟ್ಟು ಉಪಾಯ ಹಿಡಿದಳು. ಬಸಲಿಂಗವ್ವ ದಿನಾ ಹನ್ನೆರಡಕ್ಕೆ ಊಟ ಮಾಡಿ ಕೆರೆಯ ಜೊತೆಗೇ ಮಲಗಿ, ಕೆರೆಯ ಜೊತೆಗೇ ಏಳುವವಳು. ಅವಳು ಮಲಗಿದ್ದೇ ತಡ ನೀಲಗಂಗಾ ಎರಡೂ ಕೌದಿ ತೆಗೆದು ಕಪಾಟಿನಲ್ಲಿಡುವಳು, ನಾಲ್ಕಕ್ಕೆ ಐದು ನಿಮಿಷವಿದ್ದಾಗ ಮತ್ತೆ ಹೊಚ್ಚುವಳು. ಆರು ದಿನ ಹೀಗೆ ನಡೆಯಿತು. ಮಹಾಂತಯ್ಯನವರು ಕಂಡೂ ಕಾಣದವರ ಹಾಗೆ ಕಡತ ತಿರುವುತ್ತಿದ್ದರು. ಅವರಿಗೆ ಚಪ್ಪಲಿ ಒಣಗಿದ್ದರೆ ಸಾಕಾಗಿತ್ತು. ಆರು ದಿನವೂ ಕೆರೆ ಬರಲಿಲ್ಲ. ಎರಡು ಕೌದಿಯ ಮಹಿಮೆ ಎಂದು ಊರೆಲ್ಲ ಬಸಲಿಂಗವ್ವನನ್ನು ಕೊಂಡಾಡಿತು. ನಾನು ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದೆ. ಠರಾವು ಬರೆಯುವವನಿಗೆ ನಿಜ ಹೇಳುವ ಅಧಿಕಾರ ನಮ್ಮೂರಿನಲ್ಲಿ ಇಲ್ಲ, ಅದು ನನಗೆ ಅನುಕೂಲವೂ ಹೌದು.

ಏಳನೆಯ ದಿನ ಗುರುವಾರ, ತಪಾಸಣೆ. ಗುಡ್ಡದಾಚೆಯಿಂದ ಹಂಚಿನಮನಿ ಸಾಹೇಬರು ಹನ್ನೆರಡೂವರೆಯ ಬಸ್ಸಿಗೆ ಉರುಳಿ ಬಂದರು. ಅವರ ಕೈಯಲ್ಲಿ ಒಂದು ನಮೂನೆಯ ಕಾಗದವಿತ್ತು. ಅದರಲ್ಲಿ ಸಿಬ್ಬಂದಿ ಸಂಖ್ಯೆ, ಕುರ್ಚಿಗಳ ಸಂಖ್ಯೆ, ಕೆರೆಯ ಭೇಟಿಗಳ ಸಂಖ್ಯೆ ಎಂದು ಕಲಮುಗಳಿದ್ದವು. ಸಾಕ್ಷಿಗೆಂದು ನನ್ನನ್ನೂ ಕರೆದಿದ್ದರು. ನಾನು ಒಳಗೆ ಹೋದಾಗ ನೀಲಗಂಗಾಳ ಮುಖ ಸುಣ್ಣ ಬಳಿದ ಹಾಗಿತ್ತು. ಕಾರಣ ಎದುರಿಗೇ ಕುಳಿತಿತ್ತು. ಇಂಥ ದಿನ ಮಲಗುವುದುಂಟೇ ಎಂದು ಬಸಲಿಂಗವ್ವ ನಿದ್ದೆ ಬಿಟ್ಟು, ಇಳಕಲ್ ಸೀರೆ ಉಟ್ಟು, ಯಂತ್ರದ ಪಕ್ಕದಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತುಬಿಟ್ಟಿದ್ದಳು. ಎರಡೂ ಕೌದಿಗಳನ್ನು ತಾನೇ ಬಿಗಿಯಾಗಿ ಹೊಚ್ಚಿ, ಅಂಚಿಗೆ ಕೈಯೂರಿದ್ದಳು.

ಸಾಹೇಬರು ಹದಿನಾಲ್ಕು ಉತಾರಗಳನ್ನು ತೆಗೆಯಲು ಹೇಳಿದರು. ಮೊದಲ ನಾಲ್ಕು ಸುಮ್ಮನೆ ಬಂದವು. ಐದನೆಯದಕ್ಕೆ ಕೌದಿಯೊಳಗೆ ಏನೋ ಮುಲುಗಿತು. ಏಳನೆಯದಕ್ಕೆ ಅದು ಗುಂಯ್ ಎಂದಿತು. ಒಂಬತ್ತನೆಯದಕ್ಕೆ ಪರದೆಯ ಮುಂದಿದ್ದ ಕಾಗದಗಳು ನಡುಗಲಾರಂಭಿಸಿದವು. ನಾನು ಕಿಟಕಿಯತ್ತ ನೋಡಿದೆ. ದೂರದ ದಂಡೆಯ ಮೇಲೆ ಗದಿಗೆಪ್ಪನ ಬಿಳಿ ವಸ್ತ್ರ ಮೇಲೆದ್ದಿತ್ತು. ಮಹಾಂತಯ್ಯನವರು ಕಾಲು ಮೇಲೆತ್ತಿದರು. ಸಾಹೇಬರೂ ಎತ್ತಿಕೊಂಡು, ನಮೂನೆಯನ್ನು ಮೊಣಕಾಲ ಮೇಲಿಟ್ಟು, ಪೆನ್ನಿನ ಟೊಪ್ಪಿಗೆ ತೆಗೆದರು. ಓಣಿಯ ತಿರುವಿನಲ್ಲಿ ನೀರು ಕಾಣಿಸಿತು. ಅವಸರವಿಲ್ಲದೆ, ದಾರಿ ಗೊತ್ತಿದ್ದವರ ಹಾಗೆ ಬರುತ್ತಿತ್ತು.

ನೀಲಗಂಗಾ ಎದ್ದು ನಿಂತಳು. ಅವಳ ದನಿ ತಗ್ಗಿಯೇ ಇತ್ತು, ಆದರೆ ಎಲ್ಲರಿಗೂ ಕೇಳಿತು. "ಆಯಿ, ಕೌದಿ ತಗೀಬೇಕ್ರಿ. ಆರು ದಿನಾ ನಾನ ತಗದಿಟ್ಟಿದ್ದೆ. ನೀವು ಮಲಗಿದ ಮ್ಯಾಲ ತಗದು, ಏಳೂದ್ರೊಳಗ ಹೊಚ್ಚತಿದ್ದೆ. ಕೆರಿ ಬರದಿದ್ದದ್ದು ಅದಕ್ರಿ. ಹೇಳಾಕ ಬಾಯಿ ಬರಲಿಲ್ಲ. ಬೇಕಾದ್ರ ನಾಳೆ ಕೋಣಿ ಬಿಡತೀನಿ, ಈಗ ಇದನ್ನ ತಗೀರಿ."

ಬಸಲಿಂಗವ್ವ ಅವಳನ್ನು ನೋಡಿದಳು, ಬಾಗಿಲನ್ನು ನೋಡಿದಳು. ನೀರು ಕಚೇರಿಯ ಮೊದಲ ಮೆಟ್ಟಿಲನ್ನು ಮುಟ್ಟಿತ್ತು; ಇನ್ನು ಮೂರು ಮೆಟ್ಟಿಲು ಬಾಕಿ. ಆಮೇಲೆ ಅವಳು ಯಾರ ಮಾತನ್ನೂ ನಂಬದ ಹೆಂಗಸಿನ ಕ್ರಮದಲ್ಲಿ, ತಾನೇ ಕೌದಿಯೊಳಗೆ ಕೈಹಾಕಿ, ಡಬ್ಬಿಯ ಹಿಂಬದಿಯ ತೂತುಗಳ ಮುಂದೆ ಅಂಗೈಯನ್ನು ಹಿಡಿದಳು. ಹಾಗೆಯೇ ಹಿಡಿದಿದ್ದಳು. ಎರಡನೆಯ ಮೆಟ್ಟಿಲು ಒದ್ದೆಯಾಯಿತು.

"ಇದಕ್ಕ ಜ್ವರ ಅಲ್ಲವ್ವ," ಎಂದಳು, "ಉಸರ ಕಟ್ಟೇತಿ." ಹಾಗೆಂದವಳೇ ಎರಡೂ ಕೌದಿಗಳನ್ನು ಒಂದೇ ಎಳೆತಕ್ಕೆ ಕಿತ್ತು ಬಗಲಲ್ಲಿ ಇಟ್ಟುಕೊಂಡಳು. ನಮ್ಮ ಕಡೆ ತಿರುಗಿ, "ಇಷ್ಟ ಮಂದಿ ಓದಿದಾವ್ರ ಕುಂತೀರಿ. ಇದರ ಮೂಗು ಎಲ್ಲೈತಿ ಅಂತ ಒಬ್ಬರರ ನೋಡಬಾರದೇನು?" ಎಂದಳು. ಸಾಹೇಬರು ನನ್ನನ್ನು ನೋಡಿದರು. ನಾನು ಮಹಾಂತಯ್ಯನವರನ್ನು ನೋಡಿದೆ. ಅವರು ತಮ್ಮ ಕಾಲಿನ ಹೆಬ್ಬೆರಳನ್ನು ನೋಡಿಕೊಳ್ಳುತ್ತಿದ್ದರು.

ಕೌದಿ ಹೋದ ಕೂಡಲೇ ಸದ್ದು ನಿಂತಿತೆಂದು ತಿಳಿಯಬಾರದು. ತೆರೆದ ಬಾಯಿಯಿಂದ ಅದು ಇನ್ನೂ ಜೋರಾಯಿತು. ನೀರು ಮೂರನೆಯ ಮೆಟ್ಟಿಲು ಹತ್ತಿತು. ಬಸಲಿಂಗವ್ವ ಸೆರಗಿನ ತುದಿಯಿಂದ ಡಬ್ಬಿಯ ಬೆನ್ನಿಗೆ ಗಾಳಿ ಹಾಕತೊಡಗಿದಳು. ನೀಲಗಂಗಾ ಹತ್ತನೆಯ ಉತಾರವನ್ನು ತೆಗೆಯದೆ, ಕೈಗಳನ್ನು ಮಡಿಲಲ್ಲಿಟ್ಟು ಸುಮ್ಮನೆ ಕುಳಿತಳು. ಯಂತ್ರಕ್ಕೂ ಸ್ವಲ್ಪ ಹೊತ್ತು ಕೆಲಸವಿಲ್ಲದೆ ಇರಲು ಬಿಟ್ಟಳು. ಎಷ್ಟು ಹೊತ್ತಾಯಿತೋ ಹೇಳಲಾರೆ, ಕಚೇರಿಯ ಗಡಿಯಾರಕ್ಕೂ ಕೌದಿ ಇತ್ತು. ಮೊದಲು ಕಾಗದಗಳ ನಡುಕ ನಿಂತಿತು. ಆಮೇಲೆ ಆರ್ಭಟ ಗುಂಯ್ ಸದ್ದಿಗೆ ಇಳಿಯಿತು, ಗುಂಯ್ ಮುಲುಗಿಗೆ ಇಳಿಯಿತು, ಮುಲುಗು ಎಲ್ಲಿ ಹೋಯಿತೆಂದು ಕಿವಿಗೊಟ್ಟು ಹುಡುಕಬೇಕಾಯಿತು.

ನೀರು ಮೂರನೆಯ ಮೆಟ್ಟಿಲ ಮೇಲೆ ನಿಂತಿತ್ತು. ಒಂದು ಎಲೆ ಅದರ ಮೇಲೆ ತಿರುಗುತ್ತಿತ್ತು. ಬರಬೇಕೋ ಬೇಡವೋ ಎಂದು ಯೋಚಿಸುವ ಅತಿಥಿಯ ಹಾಗೆ ಅದು ಸ್ವಲ್ಪ ಹೊತ್ತು ಅಲ್ಲೇ ತುಳುಕಾಡಿ, ಎರಡನೆಯ ಮೆಟ್ಟಿಲಿಗೆ ಇಳಿಯಿತು, ಮೊದಲನೆಯದಕ್ಕೆ ಇಳಿಯಿತು, ಓಣಿಯ ತಿರುವಿನಲ್ಲಿ ಮರೆಯಾಯಿತು. ಮೆಟ್ಟಿಲ ಮೇಲೆ ಒಂದು ಬೆರಳುದ್ದದ ಮೀನು ಉಳಿದಿತ್ತು. ಮಹಾಂತಯ್ಯನವರು ತಾವಾಗಿಯೇ ತಂಬಿಗೆ ಹಿಡಿದು ಎದ್ದರು.

ಸಾಹೇಬರು ಉಳಿದ ಐದು ಉತಾರಗಳನ್ನು ತೆಗೆಸಿ, ಪ್ರತಿಯೊಂದಕ್ಕೂ ಕಿವಿಗೊಟ್ಟು ಕೇಳಿ, ನಮೂನೆ ತುಂಬಿದರು. ಭೇಟಿಗಳ ಕಲಮಿನಲ್ಲಿ ಮೂರು ಎಂದು ಬರೆದರು. ಮೆಟ್ಟಿಲವರೆಗೆ ಬಂದದ್ದನ್ನು ಏನೆಂದು ನಮೂದಿಸುವುದು ಎಂದು ನನ್ನನ್ನು ಕೇಳಿದರು. ಒಳಗೆ ಬಂದು ಕೂರದವರನ್ನು ನಮ್ಮಲ್ಲಿ ಬಂದವರೆಂದು ಲೆಕ್ಕ ಹಿಡಿಯುವುದಿಲ್ಲ ಎಂದು ಹೇಳಿದೆ. ಈ ಕತೆಯುದ್ದಕ್ಕೂ ನಾನು ಆಡಿದ ಉಪಯುಕ್ತ ಮಾತು ಅದೊಂದೇ.

ಬಸಲಿಂಗವ್ವ ಎರಡು ದಿನ ನೀಲಗಂಗಾಳ ಜೊತೆ ಮಾತಾಡಲಿಲ್ಲ. ನೀಲಗಂಗಾ ಅಣ್ಣನ ಮನೆಯಿಂದ ತಂದಿದ್ದ ಟ್ರಂಕನ್ನು ಕೆಳಗಿಳಿಸಿ ಬ್ಲೌಸುಗಳನ್ನು ಜೋಡಿಸಲಾರಂಭಿಸಿದ್ದಳು. ಮೂರನೆಯ ದಿನ ಮುಂಜಾನೆ ಬಸಲಿಂಗವ್ವ ಮೇಲೆ ಬಂದು, ಟ್ರಂಕನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿ, ಎದುರಿಗೆ ಕುಳಿತಳು. "ತಗದದ್ದಕ್ಕ ಸಿಟ್ಟಿಲ್ಲ ನನಗ. ಆರೂ ದಿನ ಉಲ್ಟಾ ಹೊಚ್ಚಿದ್ಯಲ್ಲ, ಹಸರ ಚೌಕ ಒಳಗ ಹಾಕಿ, ಸಿಟ್ಟು ಅದಕ್ಕ. ನಾಲ್ಕಕ್ಕ ಎದ್ದು ಬಂದು ನೋಡತಿದ್ದೆ. ಮಾಂತಯ್ಯಾರು ನಿದ್ದಿ ಹತ್ತಿ ಕೌದಿ ತಗದು ಹೊತಗೊಂಡಿರಬೇಕು ಅನ್ಕೊಂಡಿದ್ದೆ." ನೀಲಗಂಗಾ ನಕ್ಕಳೋ ಅತ್ತಳೋ ಕೆಳಗಿನ ಓಣಿಯಿಂದ ನನಗೆ ಸರಿಯಾಗಿ ಕೇಳಿಸಲಿಲ್ಲ. ಹನ್ನೆರಡರೊಳಗೆ ಆದ ಸದ್ದಾದ್ದರಿಂದ ಯಾರೂ ವಿಚಾರಿಸಲಿಲ್ಲ.

ಮುಂದಿನ ತಿಂಗಳ ಒಂಬತ್ತನೆಯ ತಾರೀಕು ಆದೇಶ ಬಂತು. ನೀಲಗಂಗಾಳ ನೌಕರಿ ಖಾಯಂ ಆಯಿತು.